ಬೂದಿ ಹೊತ್ತ ವಾಹನಗಳು: ರೈಲಿನಿಂದ ಡ್ರೋನಿನವರೆಗೆ

ಅಪ್ಪಯ್ಯ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಡೊಂಬಿವಲಿ ಪೂರ್ವದ ಸ್ಮಶಾನದಿಂದ ಅಸ್ಥಿ ತಂದೆವು. ಅದನ್ನು ಮನೆಯೊಳಗೆ ತರಬಾರದು ಎಂದು ಅಮ್ಮ ಮೊದಲೇ ಹೇಳಿದ್ದಳು. ಬಟ್ಟೆಯಲ್ಲಿ ಕಟ್ಟಿದ ಮಡಕೆಯನ್ನು ನಮ್ಮ ಕಟ್ಟಡದ ಹಿಂದಿನ ಮಾವಿನ ಮರದ ಕೊಂಬೆಗೆ ತೂಗುಹಾಕಿದೆವು. ಮರದ ಕೆಳಗೆ ಯಾರದೋ ಸ್ಕೂಟರು ನಿಂತಿತ್ತು. ಆಚೆ ಕಾಂಪೌಂಡು, ಅದರಾಚೆ ಇಪ್ಪತ್ತೆರಡು ಮಹಡಿಯ ಹೊಸ ಕಟ್ಟಡ. ಅಲ್ಲಿ ನಿಂತು ಮೇಲೆ ನೋಡುತ್ತಿದ್ದ ನನ್ನ ಮಗ ಹೇಳಿದ: 'ಅಪ್ಪಾ, ಅಜ್ಜ ಕೇಳಿದ್ದನ್ನು ಡ್ರೋನಿನಲ್ಲಿ ಮಾಡಬಹುದಲ್ಲ?'

ಅಪ್ಪಯ್ಯ ಕೇಳಿದ್ದೇನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ, ಇದೇ ಮನೆಯ ಬಾಲ್ಕನಿಯಲ್ಲಿ ಕುಳಿತು ಚಹಾ ಕುಡಿಯುತ್ತ, ಪೇಪರಿನ ಹಾಳೆ ತಿರುಗಿಸುವಷ್ಟೇ ಸಲೀಸಾಗಿ ಹೇಳಿದ್ದರು: 'ನಂಗೆ ಹೊಳಿಯೂ ಬ್ಯಾಡ, ಕಡಲೂ ಬ್ಯಾಡ. ನೆಹರೂಗೆ ಮಾಡಿದ್ ಹಾಂಗೆ ಗದ್ದಿ ಮೇಲ್ ಬಿಟ್ರ್ ಸಾಕ್.'

'ಯಾವ ಗದ್ದೆ ಅಪ್ಪಯ್ಯ?' ಎಂದು ಕೇಳಿದ್ದೆ. ಕುಂದಾಪುರದ ಕಡೆ ನಮ್ಮ ಗದ್ದೆ ಪಾಲಾಗಿ, ಆ ಪಾಲೂ ಮಾರಾಟವಾಗಿ ದಶಕಗಳೇ ಕಳೆದಿದ್ದವು. ಅವರು ಬಾಲ್ಕನಿಯ ಆಚೆಗೆ ಕೈ ತೋರಿಸಿದರು. 'ಇದೇ, ಮತ್ತೆಂತದ್?' ಅಲ್ಲಿ ಗದ್ದೆ ಇರಲಿಲ್ಲ. 1982ರಲ್ಲಿ ಅವರು ಈ ಮನೆ ಕೊಂಡಾಗ ಇತ್ತು. ಆಗ ನಮ್ಮ ಕಿಟಕಿಯಿಂದ ಮಲಂಗಗಡದ ಬುಡದವರೆಗೂ ಭತ್ತದ ಹಸಿರೇ ಕಾಣುತ್ತಿತ್ತು ಎಂಬುದು ನನ್ನ ಬಾಲ್ಯದ ನೆನಪು ಕೂಡ.

ಮಗನ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ. ಐರೋಲಿಯ ಆಫೀಸಿನಲ್ಲಿ ಹದಿನೈದು ವರ್ಷದಿಂದ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವವನಿಗೆ ದುಃಖವನ್ನು ತಡೆದುಕೊಳ್ಳಲು ಗೊತ್ತಿರುವ ದಾರಿ ಒಂದೇ: ಒಂದು ಪಟ್ಟಿ ಮಾಡುವುದು. ಅಂದು ರಾತ್ರಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಡ್ರೋನಿನ ನಿಯಮಗಳಿಂದ ಶುರುವಾದ ಓದು ಸಾವಿರದೈನೂರು ವರ್ಷ ಹಿಂದಕ್ಕೆ ಹೋಗಿ, ಠಾಣೆಯ ಕಾಡಿನೊಳಗಿನ ಒಂದು ಗುಹೆಯ ಮುಂದೆ ನಿಂತಿತು. ಆ ಓದಿನಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗುತ್ತದೆ.

1964ರ ಆಕಾಶ

ಮೊದಲು ನೆಹರೂ ಕಥೆ. ಅಪ್ಪಯ್ಯನ ಆಸೆಯ ಬೇರು ಅಲ್ಲಿದೆ.

ನೆಹರೂ ತಮ್ಮ ಉಯಿಲನ್ನು ಬರೆದದ್ದು 1954ರ ಜೂನ್ 21ರಂದು. ತಮಗೆ ಯಾವ ಧಾರ್ಮಿಕ ವಿಧಿಯೂ ಬೇಡ. ಒಂದು ಹಿಡಿ ಬೂದಿಯನ್ನು ಅಲಹಾಬಾದಿನಲ್ಲಿ ಗಂಗೆಗೆ ಬಿಡಬೇಕು, ಅದೂ ಧರ್ಮದ ಕಾರಣಕ್ಕಲ್ಲ, ಬಾಲ್ಯದಿಂದ ಆ ನದಿಯ ಮೇಲಿರುವ ಪ್ರೀತಿಗೆ. ಉಳಿದ ಬಹುಪಾಲನ್ನು ವಿಮಾನದಲ್ಲಿ ಎತ್ತರಕ್ಕೆ ಒಯ್ದು, ರೈತರು ದುಡಿಯುವ ಹೊಲಗದ್ದೆಗಳ ಮೇಲೆ ಚೆಲ್ಲಬೇಕು, ಅದು ಈ ದೇಶದ ಮಣ್ಣಿನಲ್ಲಿ ಬೆರೆತುಹೋಗಬೇಕು ಎಂಬುದು ಅದರ ಸಾರಾಂಶ. 1964ರ ಮೇ 27ರಂದು ಅವರು ತೀರಿಕೊಂಡರು. ಜೂನ್ ತಿಂಗಳಲ್ಲಿ ಸಂಗಮದಲ್ಲಿ ವಿಸರ್ಜನೆ ಆಯಿತು. ಅದಾದ ಮೇಲೆ ವಿಮಾನಗಳು ದೇಶದ ಬೇರೆ ಬೇರೆ ಭಾಗಗಳ ಮೇಲೆ ಹಾರಿ ಬೂದಿ ಚೆಲ್ಲಿದವು.

ಆಗ ಅಪ್ಪಯ್ಯನಿಗೆ ಹನ್ನೆರಡು ವರ್ಷ. ಶಾಲೆ ಶುರುವಾಗಿ ಕೆಲವೇ ದಿನ. ಇವತ್ತು ವಿಮಾನ ಬರುತ್ತದೆ, ನೆಹರೂ ಅವರ ಬೂದಿ ಗದ್ದೆಗಳ ಮೇಲೆ ಬೀಳುತ್ತದೆ ಎಂದು ಮೇಷ್ಟ್ರು ಹೇಳಿದರಂತೆ. ಮಕ್ಕಳೆಲ್ಲ ಮಧ್ಯಾಹ್ನದವರೆಗೆ ಆಕಾಶ ನೋಡಿದ್ದೇ ನೋಡಿದ್ದು. ವಿಮಾನ ಬರಲಿಲ್ಲ, ಮಳೆ ಬಂತು. ಮಳೆಯಲ್ಲೇ ಬೂದಿ ಬಂತೆಂದು ಕೆಲವರು, ಇಲ್ಲವೆಂದು ಕೆಲವರು ಜಗಳವಾಡುತ್ತ ಮನೆಗೆ ಹೋದರು. ಮರುದಿನ ಬೇಸಾಯಕ್ಕೆ ಇಳಿದ ಅಜ್ಜ, ಗದ್ದೆಗೆ ನಮಸ್ಕಾರ ಮಾಡಿ ಕಾಲಿಟ್ಟರು. ಪ್ರತಿವರ್ಷ ಮಾಡುವ ನಮಸ್ಕಾರವೇ ಅದು. ಆದರೆ ಅಪ್ಪಯ್ಯನಿಗೆ ಆ ವರ್ಷದ್ದು ಬೇರೆಯಾಗಿ ಕಂಡಿತು. ನಾಲ್ಕು ವರ್ಷ ಕಳೆದು, ಹದಿನಾರನೆಯ ವಯಸ್ಸಿಗೆ, ಅವರು ಮುಂಬಯಿಯ ಬಸ್ಸು ಹತ್ತಿ ಫೋರ್ಟಿನ ಒಂದು ಕ್ಯಾಂಟೀನಿಗೆ ಸೇರಿದರು.

ಎರಡೂವರೆ ಕಿಲೋ

ಈಗ ನನ್ನ ಪಟ್ಟಿಗೆ ಬರೋಣ.

ಭಾರತದಲ್ಲಿ ಡ್ರೋನು ಹಾರಿಸುವುದನ್ನು ಈಗ ನಿಯಂತ್ರಿಸುವುದು 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು. ಆಕಾಶವನ್ನು ಅವು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ಹಳದಿಗೆ ವಿಮಾನ ಸಂಚಾರ ನಿಯಂತ್ರಕರ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆಯೇ ಬೇಕು. ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರಿನವರೆಗೆ ಬಗೆಬಗೆಯ ನಿರ್ಬಂಧ. ನಮ್ಮ ಠಾಣೆ ಖಾಡಿಯ ಒಂದು ದಡದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಇನ್ನೊಂದು ಕಡೆ 2025ರ ಡಿಸೆಂಬರ್ 25ರಿಂದ ವಿಮಾನ ಹಾರಿಸುತ್ತಿರುವ ನವಿ ಮುಂಬಯಿ ನಿಲ್ದಾಣ, ನಡುವೆ ಫ್ಲೆಮಿಂಗೋ ಅಭಯಾರಣ್ಯ. ಐರೋಲಿಯ ಸೇತುವೆಯ ಮೇಲೆ ನಿಂತರೆ ಕಾಣುವ ಆಕಾಶ ಖಾಲಿ ಇದ್ದಂತೆ ತೋರುತ್ತದೆ, ಆದರೆ ಅದರ ಇಂಚಿಂಚಿಗೂ ಯಜಮಾನರಿದ್ದಾರೆ.

ಇನ್ನು ತೂಕ. ಹಾರುವ ಯಂತ್ರ, ಅದು ಹೊತ್ತ ಸರಕು ಎರಡನ್ನೂ ಕೂಡಿಸಿ ನಿಯಮಗಳು ವರ್ಗ ಮಾಡುತ್ತವೆ. 250 ಗ್ರಾಮಿನವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು. ನ್ಯಾನೋ ಡ್ರೋನಿಗೂ, ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಡ. ಒಬ್ಬ ವಯಸ್ಕನ ಚಿತೆಯಲ್ಲಿ ಉಳಿಯುವುದು ಸುಮಾರು ಎರಡರಿಂದ ಮೂರು ಕಿಲೋ. ಅಂದರೆ ಅಪ್ಪಯ್ಯ ತಮ್ಮ ಕೊನೆಯ ರೂಪದಲ್ಲೂ ಮಗನ ಮೈಕ್ರೋ ಡ್ರೋನಿಗೆ ಭಾರವಾದರು.

'ಹೊಲಕ್ಕೆ ಔಷಧಿ ಹೊಡೆಯಲು ಡ್ರೋನು ಬಿಡುತ್ತಾರಲ್ಲ?' ಎಂದ ಮಗ. ನಿಜ, ಬೆಳೆಗೆ ಕೀಟನಾಶಕ ಸಿಂಪಡಿಸಲು ಸರ್ಕಾರ 2021ರ ಡಿಸೆಂಬರಿನಲ್ಲಿ ಪ್ರತ್ಯೇಕ ಕಾರ್ಯವಿಧಾನವನ್ನೇ ಹೊರಡಿಸಿದೆ. ಆದರೆ ಹಾರುವ ವಿಮಾನದಿಂದ ಮನಬಂದಂತೆ ವಸ್ತು ಬೀಳಿಸಬಾರದೆಂಬ ನಿಯಮ 1937ರ ವಿಮಾನ ನಿಯಮಗಳಷ್ಟು ಹಳೆಯದು.

ನನ್ನ ಎಂ.ಟೆಕ್. ಸುಮ್ಮನೆ ಕೂರಲಿಲ್ಲ. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟಿರುವ ಬೂದಿಯ ಕಣ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಇಳಿಯುತ್ತದೆ. 400 ಅಡಿ ಎಂದರೆ 120 ಮೀಟರ್. ನೆಲ ಮುಟ್ಟಲು ನಾಲ್ಕು ನಿಮಿಷ. ಸೆಕೆಂಡಿಗೆ ಮೂರು ಮೀಟರಿನ ಮೆಲುಗಾಳಿ ಇದ್ದರೂ ಅದು 720 ಮೀಟರ್ ಆಚೆ ಹೋಗಿ ಬೀಳುತ್ತದೆ. ಡೊಂಬಿವಲಿಯಲ್ಲಿ 720 ಮೀಟರ್ ಎಂದರೆ ಸಾವಿರ ಬಾಲ್ಕನಿ. ಒಣಹಾಕಿದ ಯಾರದೋ ಸೀರೆಯ ಮೇಲೆ, ಸಂಡಿಗೆಯ ಮೇಲೆ ನನ್ನಪ್ಪ.

ಇಷ್ಟು ಬರೆದು ಮುಗಿಸಿದಾಗ ಇನ್ನೊಂದು ವಿಷಯ ಹೊಳೆಯಿತು. ನಾನು ಲೆಕ್ಕ ಹಾಕಿದ್ದು ಬೂದಿಗೆ. ಮರದ ಕೊಂಬೆಯಲ್ಲಿ ತೂಗುತ್ತಿದ್ದುದು ಬೂದಿಯಾಗಿರಲಿಲ್ಲ.

ಬೂದಿಯೋ ಎಲುಬೋ

ನಾವು ಹೇಳುವುದು 'ಅಸ್ಥಿ'. ಅಂದರೆ ಎಲುಬು. ಮೂರನೆಯ ದಿನ ಚಿತೆಗೆ ನೀರೋ ಹಾಲೋ ಚಿಮುಕಿಸಿ, ಕಾಲಿನ ಕಡೆಯಿಂದ ತಲೆಯವರೆಗೆ ಒಂದೊಂದೇ ಎಲುಬಿನ ಚೂರನ್ನು ಆರಿಸುವುದಕ್ಕೆ ಅಸ್ಥಿಸಂಚಯನ ಎಂದು ಹೆಸರು. ಕಟ್ಟಿಗೆಯ ಚಿತೆಯಿರಲಿ, ವಿದ್ಯುತ್ ಕುಲುಮೆಯಿರಲಿ, ನಮಗೆ ಸಿಗುವುದು ಚೂರುಗಳೇ. ಪಾಶ್ಚಾತ್ಯರು ಚೆಲ್ಲುವ ಮೆದುವಾದ ಬೂದಿ ತಾನಾಗಿ ಆಗುವುದಲ್ಲ. ಎಲುಬಿನ ಚೂರುಗಳನ್ನು ಗಿರಣಿಯಂಥ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಹೆಣ ಸುಡುವ ಪದ್ಧತಿಗೇ ನೂರೈವತ್ತು ವರ್ಷದ ಇತಿಹಾಸ. ಅಲ್ಲಿ ದಹನ ಸಂಘ ಹುಟ್ಟಿದ್ದು 1874ರಲ್ಲಿ, ವೋಕಿಂಗಿನ ಚಿತಾಗಾರದಲ್ಲಿ ಮೊದಲ ದಹನ ನಡೆದದ್ದು 1885ರಲ್ಲಿ. ಡ್ರೋನಿನಲ್ಲಿ ಬೂದಿ ಚೆಲ್ಲಿಕೊಡುವ ಕಂಪನಿಗಳು ಇವತ್ತು ಬ್ರಿಟನ್ನಿನಲ್ಲಿವೆ. ಆ ಸೇವೆಯ ಹಿಂದೆ ಈ ಗಿರಣಿ ಇದೆ. ಅಪ್ಪಯ್ಯನನ್ನು ಆಕಾಶಕ್ಕೆ ಒಯ್ಯಬೇಕಿದ್ದರೆ ಮೊದಲು ಅವರನ್ನು ಯಾರೋ ಕುಟ್ಟಿ ಪುಡಿ ಮಾಡಬೇಕಿತ್ತು. ಈ ಮಾತನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಎಲ್ಲ ಕನ್ನಡಿಗರ ಮನೆಯಲ್ಲೂ ಈ ಪ್ರಶ್ನೆ ಏಳುವುದಿಲ್ಲ. ಲಿಂಗಾಯತರು ಹೂಳುತ್ತಾರೆ, ಇನ್ನೂ ಅನೇಕ ಸಮುದಾಯಗಳಲ್ಲಿ ಮಣ್ಣು ಕೊಡುವುದೇ ರೂಢಿ. ಸುಡುವವರಲ್ಲೂ ಎಲ್ಲರೂ ನದಿಗೆ ಓಡುತ್ತಿರಲಿಲ್ಲ. ಕರಾವಳಿಯ ಬೇಸಾಯದ ಮನೆಗಳಲ್ಲಿ ಹೆಣವನ್ನು ಸ್ವಂತ ಗದ್ದೆಯ ಬದಿಯಲ್ಲೇ ಸುಟ್ಟು, ಬೂದಿಯನ್ನು ಅಲ್ಲೇ ಒಟ್ಟುಮಾಡಿ ದಿಬ್ಬ ಕಟ್ಟಿ, ಮೇಲೆ ತುಳಸಿ ನೆಡುವುದಿತ್ತು. ತುಳುವಿನಲ್ಲಿ ಅದಕ್ಕೆ ದೂಪೆ ಎನ್ನುತ್ತಾರೆ. ಗದ್ದೆಯಲ್ಲಿ ದುಡಿದವನು ಗದ್ದೆಗೇ ಸೇರುವ ಏರ್ಪಾಡು ಅದು. ನೆಹರೂ ವಿಮಾನದಿಂದ ಕೇಳಿದ್ದನ್ನು ನಮ್ಮ ಒಕ್ಕಲು ಮನೆಗಳು ನೆಲದ ಮೇಲೆ ನಿಂತೇ ಮಾಡುತ್ತಿದ್ದವು. ಆದರೆ ದೂಪೆ ಕಟ್ಟಲು ಸ್ವಂತ ಗದ್ದೆ ಬೇಕು. ಊರು ಬಿಟ್ಟವನಿಗೆ ಉಳಿಯುವುದು ಮಡಕೆ, ಮತ್ತು ಅದನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ.

ಈ ಪ್ರಶ್ನೆ ನಮ್ಮ ಠಾಣೆಗೆ ಹೊಸದಲ್ಲ. ಬೋರಿವಲಿಗೂ ಠಾಣೆಗೂ ನಡುವಿನ ಕಾಡಿನಲ್ಲಿ ಕಾನ್ಹೇರಿ ಗುಹೆಗಳಿವೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿರುವುದರಿಂದ ಕನ್ನಡದ ಓದುಗರಿಗೆ ಈ ಹೆಸರು ಪರಿಚಿತ. ಅದಕ್ಕೂ ಶತಮಾನಗಳ ಹಿಂದೆ ಅಲ್ಲಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದ ವರ್ತಕರಿದ್ದರು. ಗ್ರೀಕ್ ನಾವಿಕರ 'ಪೆರಿಪ್ಲಸ್' ಕಲ್ಲಿಯೇನ ಎಂದು ಕರೆದ ಬಂದರು ನಮ್ಮ ಈ ಕಲ್ಯಾಣವೇ. ಕಾನ್ಹೇರಿಯ ಗುಡ್ಡದ ಅಂಚಿನಲ್ಲಿ ಉದ್ದಕ್ಕೆ ಚಾಚಿದ ಒಂದು ಕಲ್ಲಿನ ಚಾವಣಿಯ ಕೆಳಗೆ ಇಟ್ಟಿಗೆಯ ಚಿಕ್ಕಚಿಕ್ಕ ಸ್ತೂಪಗಳ ಸಾಲಿತ್ತು. ಅದು ಭಿಕ್ಷುಗಳ ಸ್ಮಶಾನ, ನಿರ್ವಾಣವೀಥಿ. ಅಲ್ಲಿಯ ಹೆಸರುಗಳನ್ನು ಓದಿಕೊಟ್ಟವರು ವಿದ್ವಾಂಸೆ ಶೋಭನಾ ಗೋಖಲೆ. ಒಬ್ಬೊಬ್ಬ ಥೇರನಿಗೆ ಒಂದೊಂದು ಸ್ತೂಪ. 1839ರಲ್ಲಿ ಜೇಮ್ಸ್ ಬರ್ಡ್ ಎಂಬಾತ ಕಾನ್ಹೇರಿಯ ಒಂದು ಸ್ತೂಪವನ್ನು ಅಗೆದಾಗ ತಾಮ್ರದ ಎರಡು ಕುಡಿಕೆಗಳು ಸಿಕ್ಕವು, ಅವುಗಳಲ್ಲಿ ಬೂದಿ. ಜೊತೆಗೆ ತ್ರೈಕೂಟಕರ ಕಾಲದ 245ನೆಯ ವರ್ಷದ, ಅಂದರೆ ಕ್ರಿ.ಶ. 494-95ರ, ಒಂದು ತಾಮ್ರಪಟ.

ಆ ಥೇರರೂ ಮನೆ ಬಿಟ್ಟು ಬಂದವರೇ. ಅವರ ಬೂದಿಯನ್ನು ಯಾರೂ ಊರಿಗೆ ಒಯ್ಯಲಿಲ್ಲ. ಬದುಕಿದ ಗುಡ್ಡದಲ್ಲೇ, ಜೊತೆಗಿದ್ದವರೇ ಇಟ್ಟಿಗೆ ಜೋಡಿಸಿ ಜಾಗ ಕೊಟ್ಟರು. ಹಾಗಾದರೆ ಬದುಕಿದ ಊರೇ ಊರು ಎನ್ನುವುದಕ್ಕೆ ನಮ್ಮ ಹಿತ್ತಲಿನಲ್ಲೇ ಸಾಕ್ಷಿಯಿದೆಯಲ್ಲ ಎಂದು ಆ ರಾತ್ರಿ ನನಗೆ ಸಮಾಧಾನವಾಯಿತು.

ಕಾಯುವ ಮಡಕೆಗಳು

ಎಲ್ಲರಿಗೂ ಅಷ್ಟು ಸುಲಭಕ್ಕೆ ಜಾಗ ಸಿಗಲಿಲ್ಲ. ಶ್ಯಾಮಜಿ ಕೃಷ್ಣವರ್ಮ 1930ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ದೇಶ ಸ್ವತಂತ್ರವಾದ ಮೇಲೆ ತನ್ನ ಅಸ್ಥಿ ತಾಯ್ನಾಡಿಗೆ ಹೋಗಬೇಕೆಂದು ಅಲ್ಲಿಯ ಸ್ಮಶಾನಕ್ಕೆ ಮುಂಗಡ ಹಣ ಕಟ್ಟಿ ಇರಿಸಿದ್ದರು. ಸ್ವಾತಂತ್ರ್ಯ 1947ರಲ್ಲಿ ಬಂತು. ಅಸ್ಥಿ ಬಂದದ್ದು 2003ರ ಆಗಸ್ಟಿನಲ್ಲಿ. 73 ವರ್ಷದ ಕಾಯುವಿಕೆ.

ಗಾಂಧೀಜಿಯವರದಂತೂ ಇನ್ನೂ ಹಂಚಿಹೋದ ಕಥೆ. 1948ರ ಫೆಬ್ರವರಿ 11ರಂದು ಮೂರನೆಯ ದರ್ಜೆಯ ಬೋಗಿಗಳ ವಿಶೇಷ ರೈಲು ದೆಹಲಿಯಿಂದ ಹೊರಟು ಮರುದಿನ ಅಲಹಾಬಾದ್ ತಲುಪಿತು. ಅಲ್ಲಿ ನೆಲದಲ್ಲೂ ನೀರಿನಲ್ಲೂ ಓಡುವ ಸೇನೆಯ ವಾಹನದಲ್ಲಿ ಮಡಕೆಯನ್ನು ಸಂಗಮಕ್ಕೆ ಒಯ್ದರು. ಮಗ ರಾಮದಾಸ್ ಅದನ್ನು ನೀರಿಗೆ ಬಿಟ್ಟರು. ದೇಶದ ನಾನಾ ನದಿಗಳಿಗೆ ಪಾಲು ಹೋಯಿತು. ನಮ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೂ ವಿಸರ್ಜನೆಯಾಯಿತು. ಆದರೆ ಕಟಕ್‌ನ ಬ್ಯಾಂಕೊಂದರ ಲಾಕರಿನಲ್ಲಿ ಒಂದು ಪೆಟ್ಟಿಗೆ ಉಳಿದೇಹೋಗಿತ್ತು. ಅದು ಸಂಗಮ ಸೇರಿದ್ದು 1997ರ ಜನವರಿ 30ರಂದು. ಮತ್ತೊಂದು ಪಾಲು ದುಬೈನಲ್ಲಿ ನೆಲೆಸಿದ್ದ ಭಾರತೀಯ ವ್ಯಾಪಾರಿಯೊಬ್ಬರಿಂದ ಮುಂಬಯಿಯ ಮಣಿಭವನಕ್ಕೆ ಬಂದು, 2008ರ ಜನವರಿ 30ರಂದು ಗಿರ್‌ಗಾಂವ್ ಚೌಪಾಟಿಯ ಸಮುದ್ರ ಸೇರಿತು. ಅದನ್ನು ಬಿಟ್ಟವರು ಹರಿಲಾಲರ ಮೊಮ್ಮಗಳು ನೀಲಂಬೆನ್ ಪಾರೀಖ್. ಅಪ್ಪನ ಚಿತೆಗೆ ಬೆಂಕಿ ಕೊಡದಿದ್ದ ಹಿರಿಯ ಮಗನ ಕವಲಿಗೆ ಅರವತ್ತು ವರ್ಷದ ಮೇಲೆ ಸಿಕ್ಕ ಅವಕಾಶ ಅದು.

ಕೊರೋನಾ ಕಾಲದಲ್ಲಿ ಈ ಕಾಯುವಿಕೆ ಸಾಮಾನ್ಯರ ಮನೆಗೂ ಬಂತು. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದ 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು 2021ರ ಜೂನ್ 2ರಂದು ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟರು. ಆಗಿನ ಕಂದಾಯ ಸಚಿವ ಆರ್. ಅಶೋಕ ಮುಂದೆ ನಿಂತು ವಿಧಿ ನಡೆಸಿದರು. ಮನೆಯವರ ಬದಲಿಗೆ ಸರ್ಕಾರದ ಕೈ. ಅದನ್ನು ಆಗ ಟಿವಿಯಲ್ಲಿ ಅಪ್ಪಯ್ಯನ ಜೊತೆ ಕುಳಿತೇ ನೋಡಿದ್ದೆ. ಅವರು ಏನೂ ಮಾತಾಡಿರಲಿಲ್ಲ, ಚಾನೆಲ್ ಬದಲಿಸಲೂ ಬಿಟ್ಟಿರಲಿಲ್ಲ.

ರೈಲು

ನಮ್ಮ ಕಡೆಯವರ ಮಡಕೆಗಳ ಮುಖ್ಯ ವಾಹನ ರೈಲು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಓಡಿದ ಬಂಡಿ, ಮರುವರ್ಷ ಮೇ ತಿಂಗಳಲ್ಲಿ ಕಲ್ಯಾಣ ತಲುಪಿತು. ಆಮೇಲೆ ಥಳ್ ಘಾಟು ಹತ್ತಿ ಇಗತಪುರಿ ದಾಟಿದಾಗ ನಾಶಿಕ್ ಒಂದು ದಿನದ ದಾರಿಯಾಯಿತು. ಅಲ್ಲಿ ಗೋದಾವರಿಯ ರಾಮಕುಂಡದಲ್ಲಿ ಎಲುಬು ಕರಗಿಹೋಗುತ್ತದೆಂಬ ನಂಬಿಕೆಯಿದೆ. ಕಲ್ಯಾಣ, ಡೊಂಬಿವಲಿಯ ಮರಾಠಿಗರೂ ನಮ್ಮವರೂ ಬೆಳಗಿನ ಗಾಡಿ ಹತ್ತಿ ಹೋಗಿ ರಾತ್ರಿಯೊಳಗೆ ಮನೆ ಸೇರುತ್ತಾರೆ. ರಜೆ ಒಂದೇ ದಿನ ಸಾಕು. ನೌಕರಿಯ ಊರಿಗೆ ಒಪ್ಪುವ ತೀರ್ಥ ಅದು.

ಊರಿಗೇ ಒಯ್ಯಬೇಕೆನ್ನುವವರಿಗೆ ಮೊದಲೆಲ್ಲ ರಾತ್ರಿಯಿಡೀ ಬಸ್ಸು. ಆ ದೂರವನ್ನು ಮುರಿದದ್ದು ಕೊಂಕಣ ರೈಲು. 1990ರ ಜುಲೈನಲ್ಲಿ ಕೊಂಕಣ ರೈಲು ನಿಗಮ ಹುಟ್ಟಿದಾಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹರೆಯದಲ್ಲಿ ಕೆಲಸ ಹುಡುಕಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಹುಡುಗ ಅವರು. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆಯಿತು. ಅದೇ ವರ್ಷ ಮತ್ಸ್ಯಗಂಧ ಓಡತೊಡಗಿತು. ಠಾಣೆಯಲ್ಲಿ ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಕು ಹರಿಯುವಾಗ ಕುಂದಾಪುರ. ಈ ಗಾಡಿಯಲ್ಲಿ ಎಷ್ಟು ಹೂವಿನ ಬುಟ್ಟಿ, ಮದುವೆಯ ಸೀರೆ ಊರಿಗೆ ಹೋಗಿವೆಯೋ, ಸೀಟಿನ ಕೊಕ್ಕೆಗೆ ತೂಗುಹಾಕಿದ ಕೆಂಪು ಬಟ್ಟೆಯ ಗಂಟುಗಳೂ ಅಷ್ಟೇ ಹೋಗಿರಬೇಕು.

ಆ ದಾರಿಗಾಗಿ ದುಡಿದ ಜಾರ್ಜ್ 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ಮೊದಲು ದಹನ ಬಯಸಿದ್ದವರು, ಕೊನೆಗಾಲದಲ್ಲಿ ಹೂಳುವುದನ್ನೂ ಬಯಸಿದ್ದರಂತೆ. ಆಪ್ತರು ಎರಡನ್ನೂ ನಡೆಸಿದರು: ಲೋಧಿ ರಸ್ತೆಯಲ್ಲಿ ದಹನ, ಮರುದಿನ ಪೃಥ್ವಿರಾಜ್ ರಸ್ತೆಯ ಕ್ರೈಸ್ತರ ಸ್ಮಶಾನದಲ್ಲಿ ಬೂದಿಗೆ ಮಣ್ಣು. ಸತ್ತವರ ಮಾತು ಒಂದಕ್ಕೊಂದು ವಿರುದ್ಧವಾಗಿದ್ದರೂ ಉಳಿದವರು ಎರಡಕ್ಕೂ ಜಾಗ ಮಾಡಿಕೊಡಬಹುದು ಎಂಬುದನ್ನು ನಾನು ಈ ಘಟನೆಯಿಂದ ಕಲಿತೆ. ನನ್ನ ಮನೆಯಲ್ಲೂ ಆಗ ಎರಡು ಮಾತಿದ್ದವು. ಗದ್ದೆ ಎಂದು ಅಪ್ಪಯ್ಯ. 'ನೀರಿಗ್ ಬಿಡದೆ ಆತ್ಮಕ್ಕೆ ದಾರಿ ಎಲ್ಲಿಂದ ಸಿಕ್ಕತ್ ಮಗಾ?' ಎಂದು ಅಮ್ಮ.

ಕೈ ಎಲ್ಲಿರುತ್ತದೆ

ವಾಹನಗಳ ಪಟ್ಟಿ ಬೆಳೆಯುತ್ತಲೇ ಇದೆ. 1984ರ ನವೆಂಬರ್ 11ರಂದು ಇಂದಿರಾ ಗಾಂಧಿಯವರ ಬೂದಿಯನ್ನು ವಾಯುಸೇನೆಯ ವಿಮಾನದಿಂದ ಹಿಮಾಲಯದ ಮೇಲೆ ಚೆಲ್ಲಲಾಯಿತು. 1997ರ ಏಪ್ರಿಲಿನಲ್ಲಿ 24 ಜನರ ಬೂದಿಯ ಚಿಕ್ಕ ಡಬ್ಬಿಗಳು ಪೆಗಾಸಸ್ ರಾಕೆಟ್ಟಿನಲ್ಲಿ ಭೂಕಕ್ಷೆಗೆ ಹೋದವು. ಭೂವಿಜ್ಞಾನಿ ಯೂಜೀನ್ ಶೂಮೇಕರ್ ಅವರ ಬೂದಿಯ ಒಂದಂಶ 1999ರ ಜುಲೈ 31ರಂದು ನಾಸಾದ ನೌಕೆಯೊಂದಿಗೆ ಚಂದ್ರನಿಗೆ ಅಪ್ಪಳಿಸಿತು. 2021ರಲ್ಲಿ ನಮ್ಮ ಅಂಚೆ ಇಲಾಖೆಯೇ ಕಾಶಿ, ಹರಿದ್ವಾರಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಅಸ್ಥಿ ಕಳಿಸುವ ಏರ್ಪಾಡು ಮಾಡಿತು. ಯಂತ್ರ ಹೊಸದೆಂಬ ಕಾರಣಕ್ಕೆ ನಮ್ಮ ಜನ ಹಿಂಜರಿದದ್ದು ಕಡಿಮೆ. ಹಾಗಿರುವಾಗ ಡ್ರೋನು ನನಗೇಕೆ ಮುಳ್ಳಿನಂತೆ ಚುಚ್ಚುತ್ತಿತ್ತು?

ಪಟ್ಟಿಯನ್ನು ಮತ್ತೆ ಓದಿದಾಗ ತಿಳಿಯಿತು. ಮೂರನೇ ದರ್ಜೆಯ ರೈಲಿನ ಕೊನೆಗೆ ರಾಮದಾಸರ ಕೈಯಿತ್ತು. ಹಿಮಾಲಯದ ಮೇಲೆ ಹಾರಿದ ವಿಮಾನದೊಳಗೆ ಮಗ ರಾಜೀವ್ ಇದ್ದರು. ಬೆಳಕವಾಡಿಯಲ್ಲಿ ಪರಕೀಯವಾದರೂ ಒಂದು ಕೈ ಇತ್ತು. ರೈಲು, ಹಡಗು, ವಿಮಾನ ಎಲ್ಲವೂ ಮಡಕೆಯ ಜೊತೆಗೆ ಅದನ್ನು ಹಿಡಿದ ಕೈಯನ್ನೂ ಒಯ್ದವು. ಡ್ರೋನು ಮಡಕೆಯನ್ನಷ್ಟೇ ಒಯ್ಯುತ್ತದೆ. ಕೈ ನೆಲದ ಮೇಲೆ ಉಳಿದು ಗುಂಡಿ ಒತ್ತುತ್ತದೆ.

ಇದನ್ನು ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ನಮ್ಮ ಬದುಕೇ ಹಾಗಿದೆ. ಹದಿನೈದು ವರ್ಷದಿಂದ ನಾನು ನೋಡದ ಊರುಗಳ ಸರ್ವರುಗಳನ್ನು ಐರೋಲಿಯಿಂದ ನಡೆಸುತ್ತಿದ್ದೇನೆ. ನ್ಯೂಜೆರ್ಸಿಯಲ್ಲಿರುವ ತಂಗಿಗೆ ಟಿಕೆಟ್ ಸಿಗಲಿಲ್ಲ. ಅವಳು ಅಪ್ಪಯ್ಯನ ಮುಖವನ್ನು ಕೊನೆಯ ಸಲ ನೋಡಿದ್ದು ನನ್ನ ಫೋನಿನ ಪರದೆಯಲ್ಲಿ. ನಾನು ಫೋನು ಹಿಡಿದಿದ್ದೆ, ಆದ್ದರಿಂದ ಆ ಹತ್ತು ನಿಮಿಷ ನಾನೂ ಅವರ ಮುಖವನ್ನು ಪರದೆಯಲ್ಲೇ ನೋಡಿದೆ. ಬೆಂಕಿ ಕೊಡುವ ಹೊತ್ತಿಗೆ ಭಟ್ಟರು ಗದರಿದ ಮೇಲೆ ಫೋನು ಮಗನಿಗೆ ಕೊಟ್ಟೆ. ಆ ಹತ್ತು ನಿಮಿಷವನ್ನು ತಿರುಗಿ ಪಡೆಯಲು ಈಗ ದಾರಿಯಿಲ್ಲ. ಡ್ರೋನು ಬೇಡವೆಂದು ನಾನು ನಿರ್ಧರಿಸಿದ್ದು ನಿಯಮಕ್ಕೋ ತೂಕಕ್ಕೋ ಹೆದರಿ ಅಲ್ಲ, ಇದೇ ಕಾರಣಕ್ಕೆ.

ರಾಬು

ಮೊದಲು ಅಮ್ಮನ ಮಾತು ನಡೆಯಿತು. ಹತ್ತು ದಿನದೊಳಗೆ ನಾಶಿಕ್‌ಗೆ ಹೋಗಿ ರಾಮಕುಂಡದಲ್ಲಿ ಅಸ್ಥಿ ಬಿಟ್ಟೆವು. ಮಡಕೆಯ ತಳದಲ್ಲಿ ಉಳಿದಿದ್ದ ಬೂದಿಯನ್ನು ಒಂದು ಹಿತ್ತಾಳೆಯ ಡಬ್ಬಿಯಲ್ಲಿ ಎತ್ತಿಟ್ಟುಕೊಂಡೆ. ಎರಡು ಹಿಡಿಯಷ್ಟಿತ್ತು. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ.

ಆಮೇಲೆ ಗದ್ದೆ ಹುಡುಕಿದೆ. ಎಂಬತ್ತರ ದಶಕದಲ್ಲಿ ಅಪ್ಪಯ್ಯ ಭಾನುವಾರಗಳಂದು ನಮ್ಮ ಮನೆಯ ಹಿಂದಿನ ಗದ್ದೆಗೆ ಹೋಗುತ್ತಿದ್ದರು. ಅದು ಒಂದು ಆಗ್ರಿ ಕುಟುಂಬದ್ದು. ನಾಟಿಯ ದಿನಗಳಲ್ಲಿ ಲುಂಗಿ ಎತ್ತಿ ಕಟ್ಟಿ ಇಳಿದುಬಿಡುತ್ತಿದ್ದರು. ವಾರವಿಡೀ ಲೋಕಲಿನಲ್ಲಿ ನೇತಾಡಿಕೊಂಡು ಹೋಗಿ ಲೆಕ್ಕ ಬರೆಯುವ ಗುಮಾಸ್ತನಿಗೆ ಅದೇ ಸಿನಿಮಾ, ಅದೇ ದೇವಸ್ಥಾನ. ರಾತ್ರಿ ಶಾಲೆಯಲ್ಲಿ ಕಲಿತ ಮರಾಠಿಗಿಂತ ಆ ಕೆಸರಿನಲ್ಲಿ ಕಲಿತ ಮರಾಠಿಯೇ ಅವರ ಬಾಯಲ್ಲಿ ಉಳಿಯಿತು. ಆ ಗದ್ದೆಯ ಮೇಲೆ ಈಗ ಇಪ್ಪತ್ತೆರಡು ಮಹಡಿ. ಆದರೆ ಆ ಕುಟುಂಬದ ಹಿರಿಯ ಮಗ ಮಲಂಗಗಡದ ತಪ್ಪಲಿನಲ್ಲಿ ಇನ್ನೂ ಒಂದಿಷ್ಟು ಭತ್ತ ಬೆಳೆಯುತ್ತಾರೆಂದು ತಿಳಿಯಿತು. ಅವರಿಗೂ ಈಗ ಅರವತ್ತೈದು.

ಏಪ್ರಿಲ್ ಕೊನೆಯ ಭಾನುವಾರ ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಹೋದೆ. ಮಗ ಡ್ರೋನಿನ ಪೆಟ್ಟಿಗೆಯನ್ನೂ ಕಾರಿನಲ್ಲಿ ಇಟ್ಟಿದ್ದ. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಮರಾಠಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಇನ್ನೊಬ್ಬರ ಅನ್ನದ ನೆಲಕ್ಕೆ ಸತ್ತವರ ಬೂದಿ ಹಾಕುತ್ತೇನೆಂದು ಕೇಳುವುದು ಸಣ್ಣ ಮಾತಲ್ಲ. ಬೈದು ಕಳಿಸಿದ್ದರೂ ಅದು ಅವರ ಹಕ್ಕೇ.

ನಾವು ಹೋದಾಗ ಕಾಕಾ ಗದ್ದೆಯ ಒಂದು ಮೂಲೆಯಲ್ಲಿ ಬೆಂಕಿಯ ಬಳಿ ನಿಂತಿದ್ದರು. ಒಣಗಿದ ಎಲೆ, ಟೊಂಗೆ, ಸಗಣಿ, ಹುಲ್ಲುಗಳನ್ನು ಹಾಸಿ ಮಣ್ಣು ಮುಚ್ಚಿ ಸುಡುತ್ತಿದ್ದರು. ಮಳೆ ಬಿದ್ದಾಗ ಅದೇ ಜಾಗದಲ್ಲಿ ಭತ್ತದ ಸಸಿಮಡಿ. ಠಾಣೆಯ, ಕೊಂಕಣದ ರೈತರು ತಲೆತಲಾಂತರದಿಂದ ಮಾಡುವ ಇದಕ್ಕೆ ರಾಬು ಎನ್ನುತ್ತಾರೆ. ಕಳೆಯ ಬೀಜ ಸಾಯುತ್ತದೆ, ಬೂದಿ ಸಸಿಗೆ ಗೊಬ್ಬರವಾಗುತ್ತದೆ. ಅಮ್ಮ ನೋಡಿದ ಕೂಡಲೇ, 'ಸುಡುಮಣ್ಣ್!' ಎಂದಳು. ಅವಳ ತವರಿನ ಗದ್ದೆಗೂ ಹೀಗೇ ಮಣ್ಣು ಸುಟ್ಟು ಹಾಕುತ್ತಿದ್ದರು. ನಲವತ್ತಾರು ವರ್ಷ ಡೊಂಬಿವಲಿಯಲ್ಲಿದ್ದೂ ಅವಳು ಇದನ್ನು ಇಲ್ಲಿ ನೋಡಿರಲಿಲ್ಲ. ಅಪ್ಪಯ್ಯ ನೋಡಿರಲೇಬೇಕು.

ನಾನು ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಕಾಕಾಗೆ ವಿಷಯ ತಿಳಿಯಿತು. ಅವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. 'ಎಲುಬಿದೆಯಾ?' ಎಂದರು. 'ಇಲ್ಲ ಕಾಕಾ, ಅದು ನಾಶಿಕ್‌ಗೆ ಹೋಯಿತು.' 'ನಿನ್ನಪ್ಪ ನಾಟಿ ಮಾಡಿದರೆ ಸಾಲು ಸೊಟ್ಟ ಆಗುತ್ತಿತ್ತು. ನನ್ನಪ್ಪ ದಿನಾ ನಗುತ್ತಿದ್ದ,' ಎಂದರು. ಆಮೇಲೆ ಕೋಲಿನಿಂದ ಆರಿದ ಬೂದಿಯ ಒಂದು ಬದಿಯನ್ನು ಕೆದಕಿ ಜಾಗ ಮಾಡಿದರು. 'ಇಲ್ಲಿ ಹಾಕು. ವರ್ಷ ವರ್ಷ ಬೂದಿ ಹಾಕುವ ಜಾಗವೇ ಇದು.'

ಅಮ್ಮ ಮೊದಲು ಹಾಕಿದಳು, ಆಮೇಲೆ ನಾನು, ಕೊನೆಗೆ ಮಗ. ತಂಗಿಗೆ ವಿಡಿಯೋ ಕರೆ ಮಾಡಲು ಮಗ ಫೋನು ತೆಗೆದಿದ್ದ. ಅಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಸಂಜೆ ಅವಳಿಗೆ ಫೋನಿನಲ್ಲಿ ಎಲ್ಲವನ್ನೂ ಬಾಯಲ್ಲೇ ಹೇಳಿದೆ. ಸೊಟ್ಟ ಸಾಲಿನ ಮಾತು ಬಂದಾಗ ಅವಳು ನಕ್ಕಳು, ಆಮೇಲೆ ಬಹಳ ಹೊತ್ತು ಅತ್ತಳು. ಅಪ್ಪಯ್ಯ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡ್ರೋನಿನ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಹೊರಡುವಾಗ ಕಾಕಾ ಅಮ್ಮನಿಗೆ ಹೇಳಿದರು, ಜೂನಿನಲ್ಲಿ ಮಳೆ ಹಿಡಿದ ಮೇಲೆ ಸಸಿ ಏಳುತ್ತದೆ, ಜುಲೈನಲ್ಲಿ ನಾಟಿ, ಆಗ ಬನ್ನಿ ಎಂದು. ಅಮ್ಮ ಹೋಗಬೇಕೆಂದಿದ್ದಾಳೆ. ನಾನೂ ಒಂದು ದಿನದ ರಜೆಗೆ ಈಗಲೇ ಬರೆದಿಟ್ಟಿದ್ದೇನೆ.